ಸಿದ್ದಾಪುರ ಕಡೆಯ ತೋಟದ ಮನೆಗೆ ಗೂಗಲ್ ಹಿಡಿತವಿಲ್ಲದ ಫೋನ್ ಬೇಕು: ಕರೆ, ಯುಪಿಐ, ಆನೆ ಗ್ರೂಪ್ ಮೂರೂ ನಡೆಯಬೇಕು

ತೋಟದಮನೆ_ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ, ಜೊತೆಗೆ ಸಣ್ಣ ಹೋಂಸ್ಟೇ. ಫೋನಿನ ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ, ಬದಲಿಸಬೇಕೆಂದು ತೀರ್ಮಾನಿಸಿದ್ದೇನೆ. ಯಾವುದು, ಹೇಗೆ ಎಂಬುದಕ್ಕೆ ಬಲ್ಲವರ ಸಲಹೆ ಬೇಕು.

ಹೋಂಸ್ಟೇಗೆ ಬರುವವರ ಗುರುತಿನ ಚೀಟಿ ತೆಗೆದುಕೊಳ್ಳಲೇಬೇಕಲ್ಲ. ಹೆಚ್ಚಿನವರು ಆಧಾರ್ ಕಾರ್ಡಿನ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿಬಿಡುತ್ತಾರೆ. ಮೊನ್ನೆ ಮಗಳು ರಜೆಗೆ ಬಂದಾಗ ನನ್ನ ಫೋನಿನ ಖಾತೆಯನ್ನು ಅವಳ ಲ್ಯಾಪ್‌ಟಾಪಿನಲ್ಲಿ ತೆರೆದಳು. ಗಂಡ, ಹೆಂಡತಿ, ಮಕ್ಕಳು ಎಂದು ಮನೆಮಂದಿಯ ಆಧಾರ್ ಚಿತ್ರಗಳೆಲ್ಲ ಕ್ಲೌಡಿನಲ್ಲಿ ಸಾಲಾಗಿ ಕೂತಿದ್ದವು. ಫೋನಿನ ಜೊತೆಗೇ ಬಂದ ಗ್ಯಾಲರಿ ಆ್ಯಪ್ ತಾನಾಗಿ ಮೇಲೆ ಕಳಿಸುತ್ತಾ ಬಂದಿದೆ. ಅವರು ನನ್ನನ್ನು ನಂಬಿ ಕೊಟ್ಟ ಕಾಗದ ಅದು. ಲೈನ್ ಮನೆಯಲ್ಲಿರುವ ಕೆಲಸದವರ ನಂಬರು, ಅವರ ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಅದೂ ಇದೇ ಫೋನಿನಲ್ಲಿದೆ. ಇಂಥ ವಿಷಯದಲ್ಲಿ ಸೆಟ್ಟಿಂಗ್ ಒಂದನ್ನು ಬಂದ್ ಮಾಡಿ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಮೇಲಾಗಿ ಈ ಫೋನಿಗೆ ಅಪ್‌ಡೇಟ್ ಬರುವುದೂ ನಿಂತಿದೆ.

ಆದರೆ ನನ್ನ ಪರಿಸ್ಥಿತಿ ಹೀಗಿದೆ. ಮನೆಯೊಳಗೆ ಟವರ್ ಸಿಗುವುದಿಲ್ಲ. ಫೈಬರ್ ಇದೆ, ಕರೆಗಳೆಲ್ಲ ವೈಫೈ ಕಾಲಿಂಗ್‌ನಲ್ಲೇ. ಅದು ಹೋದರೆ ಗೇಟಿನ ತನಕ ನಡೆದು ಮಾತಾಡಬೇಕು. ಆನೆ ಯಾವ ತೋಟದಲ್ಲಿದೆ ಎಂಬ ಸಂದೇಶ ಬೆಳಗಿನ ಜಾವ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತದೆ. ಅದನ್ನು ನೋಡಿಯೇ ಕೆಲಸದವರನ್ನು ಯಾವ ಕಡೆಗೆ ಕಳಿಸುವುದು ಎಂದು ನಿರ್ಧರಿಸುವುದು. ಅದು ತಡವಾಗಿ ಬಂದರೆ ಜೀವದ ಪ್ರಶ್ನೆ. ಅತಿಥಿಗಳು ಹಣ ಕೊಡುವುದು ಯುಪಿಐನಲ್ಲಿ. ಕನ್ನಡದಲ್ಲಿ ಟೈಪ್ ಮಾಡಲೂ ಆಗಬೇಕು. ಇಷ್ಟೆಲ್ಲ ಇಟ್ಟುಕೊಂಡು ದಾರಿ ಇದೆಯೇ?

ಮಡಿಕೇರಿ_ಮಂಜು:

ಅಕ್ಕ, ಖಂಡಿತ ಇದೆ. ನಾನು ಹಳೆಯ ಫೋನಿಗೆ ಲೀನಿಯೇಜ್ ಓಎಸ್ ಹಾಕಿಕೊಂಡಿದ್ದೇನೆ. ಆಂಡ್ರಾಯ್ಡಿನ ಮುಕ್ತ ಮೂಲದಿಂದ ಮಾಡಿದ ಸಯನೋಜೆನ್‌ಮಾಡ್ ಎಂಬ ಓಎಸ್ 2016ರ ಕೊನೆಗೆ ನಿಂತಾಗ ಅದರ ಮುಂದುವರಿಕೆಯಾಗಿ ಹುಟ್ಟಿದ್ದು ಇದು. ಗೂಗಲ್ ಆ್ಯಪ್ ಒಂದೂ ಇಲ್ಲದೆ ಬರುತ್ತದೆ. ಕಂಪನಿ ಕೈಬಿಟ್ಟ ಫೋನಿಗೆ ಹೊಸ ಆಂಡ್ರಾಯ್ಡ್ ಸಿಗುತ್ತದೆ, ಹೊಸ ಫೋನ್ ಕೊಳ್ಳುವ ಖರ್ಚಿಲ್ಲ. ಆ್ಯಪ್‌ಗಳಿಗೆ ಎಫ್-ಡ್ರಾಯ್ಡ್ ಇದೆ, ಅಲ್ಲಿರುವುದೆಲ್ಲ ಮುಕ್ತ ತಂತ್ರಾಂಶ. ಪ್ಲೇ ಸ್ಟೋರಿನ ಆ್ಯಪ್ ಬೇಕಾದರೆ ಅರೋರಾ ಸ್ಟೋರ್ ಮೂಲಕ ಖಾತೆ ಇಲ್ಲದೆಯೇ ಇಳಿಸಬಹುದು. ನಿಮ್ಮ ಮಾಡೆಲ್ ಲೀನಿಯೇಜ್ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಬೇರೆ ಯೋಚನೆಯೇ ಬೇಡ.

ಗೋಣಿಕೊಪ್ಪ_ರಿಪೇರಿ:

ಅಕ್ಕ, ನಮಸ್ಕಾರ. ಗೋಣಿಕೊಪ್ಪದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ನೀವು ಕರೆಯ ಮಾತನ್ನು ಮೊದಲು ಎತ್ತಿದ್ದು ಬಹಳ ಒಳ್ಳೆಯದಾಯಿತು. ಪೇಟೆಯಲ್ಲಿ ಕೂತು ಬರೆದ ಸಲಹೆಗಳಲ್ಲಿ ಅದು ಕೊನೆಯ ಸಾಲಿನಲ್ಲೂ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಓಎಸ್ ಬದಲಿಸಿದವರು ಮೊದಲು ಕಳೆದುಕೊಳ್ಳುವುದು ಅದನ್ನೇ.

ಅದು ಏಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. 4ಜಿ ಮೇಲೆ ಮಾತು ಹೋಗಲು ವೋಲ್ಟಿ ಬೇಕು, ವೈಫೈ ಮೇಲೆ ಹೋಗಲು ವೈಫೈ ಕಾಲಿಂಗ್ ಬೇಕು. ಎರಡಕ್ಕೂ ಬೇರು ಒಂದೇ, ಐಎಂಎಸ್ ಎಂಬ ವ್ಯವಸ್ಥೆ. ಆಂಡ್ರಾಯ್ಡಿನ ಮುಕ್ತ ಭಾಗದಲ್ಲಿ ಅದು ಪೂರ್ತಿಯಾಗಿ ಇಲ್ಲ. ಚಿಪ್ ಕಂಪನಿ, ಫೋನ್ ಕಂಪನಿಗಳು ತಮ್ಮ ತಮ್ಮ ಮಾದರಿಗೆ ಬರೆದುಕೊಂಡದ್ದು. ಓಎಸ್ ಕಿತ್ತು ಬೇರೆಯದು ಹಾಕಿದಾಗ ಕೆಲವು ಮಾದರಿಗಳಲ್ಲಿ ಆ ಕೊಂಡಿ ತಪ್ಪುತ್ತದೆ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಹಾಗಾಗಿ ವೋಲ್ಟಿ ಹೋದ ಫೋನಿನಲ್ಲಿ ಜಿಯೋ ಸಿಮ್ ಹಾಕಿದರೆ ನೆಟ್ ಓಡುತ್ತದೆ, ಕರೆ ಹೋಗುವುದಿಲ್ಲ. ಮಂಜು ಹೇಳಿದ ಲೀನಿಯೇಜ್ ಒಳ್ಳೆಯ ಕೆಲಸ, ಅದರ ಹಿಂದೆ ಸ್ವಯಂಸೇವಕರ ದೊಡ್ಡ ಶ್ರಮ ಇದೆ. ಆದರೆ ಮಾದರಿಯಿಂದ ಮಾದರಿಗೆ ಕರೆಯ ಕಥೆ ಬದಲಾಗುತ್ತದೆ.

ಇನ್ನೊಂದು ವಿಷಯ ಬೂಟ್‌ಲೋಡರ್, ಫೋನ್ ಆನ್ ಆದಾಗ ಓಎಸನ್ನು ಎಬ್ಬಿಸುವ ತಂತ್ರಾಂಶ. ಓಎಸ್ ಬದಲಿಸಲು ಅದನ್ನು ಅನ್‌ಲಾಕ್ ಮಾಡಬೇಕು. ಲೀನಿಯೇಜ್ ಹಾಕಿದ ಮೇಲೆ ಹೆಚ್ಚಿನ ಫೋನುಗಳಲ್ಲಿ ಅದನ್ನು ಮತ್ತೆ ಲಾಕ್ ಮಾಡಲು ಬರುವುದಿಲ್ಲ. ಬೀಗ ಬದಲಿಸಲು ಬಂದವನು ಬಾಗಿಲು ತೆರೆದಿಟ್ಟೇ ಹೋದ ಹಾಗೆ. ಫೋನ್ ಬೇರೆಯವರ ಕೈಗೆ ಸಿಕ್ಕರೆ ಒಳಗೆ ಏನನ್ನಾದರೂ ಸೇರಿಸಿ ಕೊಡಬಹುದು, ಫೋನಿಗೆ ಅದು ಗೊತ್ತೇ ಆಗುವುದಿಲ್ಲ. ಅತಿಥಿಗಳ ಕಾಗದ ಪತ್ರ ಇಟ್ಟುಕೊಂಡಿರುವ ನಿಮಗೆ ಇದು ಒಪ್ಪುವ ಮಾತಲ್ಲ.

ಈ ಎರಡನ್ನೂ ಸೇರಿಸಿ ನೋಡಿದರೆ ನಿಮಗೆ ನಾನು ಹೇಳುವುದು ಒಂದೇ: ಗೂಗಲ್‌ನ ಪಿಕ್ಸೆಲ್ ಫೋನ್ ತೆಗೆದುಕೊಂಡು ಗ್ರಾಫೀನ್ ಓಎಸ್ ಹಾಕಿಸಿ. ಅದೂ ಆಂಡ್ರಾಯ್ಡಿನ ಮುಕ್ತ ಮೂಲದ ಮೇಲೆ, ಭದ್ರತೆಗೆ ಒತ್ತು ಕೊಟ್ಟು ಕಟ್ಟಿದ್ದು.

ಗೂಗಲ್‌ನಿಂದ ತಪ್ಪಿಸಿಕೊಳ್ಳಲು ಗೂಗಲ್ ಫೋನೇ ಏಕೆ ಎಂದು ಕೇಳುವಿರಿ, ಕೇಳಬೇಕಾದ ಪ್ರಶ್ನೆಯೇ. ಪಿಕ್ಸೆಲ್‌ನಲ್ಲಿ ಬೇರೆಯವರ ಓಎಸ್ ಹಾಕಿ, ಅವರದೇ ಸಹಿ ಕೀಲಿಯಿಂದ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬಹುದು. ಪ್ರತಿ ಸಲ ಆನ್ ಆಗುವಾಗ ಓಎಸ್ ತಿದ್ದದೆ ಹಾಗೇ ಇದೆಯೇ ಎಂದು ಫೋನ್ ಪರೀಕ್ಷಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಕಾಯಲು ಒಳಗೆ ಪ್ರತ್ಯೇಕ ಭದ್ರತಾ ಚಿಪ್ ಇದೆ. ಅಪ್‌ಡೇಟ್ ಕಾಲವೂ ದೊಡ್ಡದು. 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8ಕ್ಕೆ, 2024ರ ಮೇನಲ್ಲಿ ಬಂದ 8ಎಗೆ ತಲಾ 7 ವರ್ಷ. 6ಎಯಲ್ಲಿ ಅದು 2027ಕ್ಕೇ ಮುಗಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೂ 8ಎ ಅಥವಾ ಅದರ ಮೇಲಿನದೇ ನೋಡಿ.

ಗ್ರಾಫೀನ್‌ನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಗೂಗಲ್ ಪ್ಲೇಯನ್ನು ಅದು ಇಟ್ಟಿರುವ ಜಾಗ. ಬೇರೆ ಫೋನಿನಲ್ಲಿ ಪ್ಲೇ ಸರ್ವಿಸಸ್ ಎಂದರೆ ಮನೆ ಯಜಮಾನ, ಯಾವ ಕೋಣೆಗೂ ಕೇಳದೆ ಹೋಗಬಹುದು. ಇಲ್ಲಿ ಅದು ಉಳಿದವುಗಳಂತೆ ಒಂದು ಆ್ಯಪ್. ನೀವು ಬೇಕೆಂದರೆ ಹಾಕಿಕೊಳ್ಳಿ, ಕೊಟ್ಟಷ್ಟೇ ಅನುಮತಿ, ಬೇಡವೆಂದರೆ ಅಳಿಸಿ. ವಾಟ್ಸ್‌ಆ್ಯಪ್‌ಗೆ ಸಂದೇಶ ಬಂದ ಸುದ್ದಿ ಫೋನಿಗೆ ತಕ್ಷಣ ಮುಟ್ಟುವುದು ಪ್ಲೇ ಸರ್ವಿಸಸ್ ಮೂಲಕ. ನಿಮಗೆ ಆನೆ ಗ್ರೂಪಿನ ಸಂದೇಶ ತಕ್ಷಣ ಬರಬೇಕಾದ್ದರಿಂದ ಇದನ್ನು ಹಾಕಿಕೊಳ್ಳುವುದೇ ಸರಿ. ಕಟ್ಟುನಿಟ್ಟಿನವರು ಏನಾದರೂ ಹೇಳಲಿ, ಕೆಲಸದವರ ಪ್ರಾಣಕ್ಕಿಂತ ದೊಡ್ಡ ನಿಯಮ ಯಾವುದೂ ಇಲ್ಲ. ವಾಟ್ಸ್‌ಆ್ಯಪ್ ಮತ್ತು ಪ್ಲೇ ಎರಡನ್ನೂ ಮುಖ್ಯ ಪ್ರೊಫೈಲಿನಲ್ಲೇ ಇಡಿ, ಎರಡಕ್ಕೂ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಈಗ ಕೆಲಸದವರ ನಂಬರಿನ ವಿಷಯ. ವಾಟ್ಸ್‌ಆ್ಯಪ್ ಕಾಂಟ್ಯಾಕ್ಟ್ಸ್ ಅನುಮತಿ ಕೇಳಿದಾಗ ಗ್ರಾಫೀನ್‌ನಲ್ಲಿ ಮೂರನೆಯ ದಾರಿ ಒಂದಿದೆ, ಕಾಂಟ್ಯಾಕ್ಟ್ ಸ್ಕೋಪ್ಸ್. ಅದನ್ನು ಒತ್ತಿ, ನೀವೇ ಮಾಡಿಟ್ಟ 'ಹೋಂಸ್ಟೇ' ಎಂಬ ಗುಂಪನ್ನೋ ನಾಲ್ಕಾರು ಹೆಸರನ್ನೋ ಆರಿಸಿದರೆ ಸಾಕು. ವಾಟ್ಸ್‌ಆ್ಯಪ್‌ಗೆ ಪೂರ್ತಿ ಪುಸ್ತಕ ಸಿಕ್ಕಿದೆ ಎಂದೇ ತೋರುತ್ತದೆ, ಕಾಣುವುದು ಮಾತ್ರ ಆ ಹೆಸರುಗಳು. ಫೈಲುಗಳಿಗೂ ಹೀಗೇ, ಸ್ಟೋರೇಜ್ ಸ್ಕೋಪ್ಸ್ ಎಂದು. ಗ್ಯಾಲರಿ ಆ್ಯಪ್‌ಗೆ, ಕೀಬೋರ್ಡಿಗೆ ನೆಟ್‌ವರ್ಕ್ ಅನುಮತಿಯನ್ನೇ ಕೊಡದೆ ಇರಬಹುದು. ನೆಟ್ಟೇ ಇಲ್ಲದ ಗ್ಯಾಲರಿ ಯಾವ ಫೋಟೋವನ್ನೂ ಎಲ್ಲಿಗೂ ಕಳಿಸಲಾರದು. ನಿಮ್ಮ ಮೂಲ ತೊಂದರೆಗೆ ನೇರ ಮದ್ದು ಇದು.

ಬ್ಯಾಂಕ್ ಆ್ಯಪ್ ಬಗ್ಗೆ ಭರವಸೆ ಕೊಡಲಾರೆ. ಫೋನ್ ಗೂಗಲ್ ಒಪ್ಪಿದ್ದೇ ಎಂದು ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯಿಂದ ಕೆಲವು ಆ್ಯಪ್‌ಗಳು ಕೇಳುತ್ತವೆ. ಗ್ರಾಫೀನ್ ಅದರ ಮೊದಲ ಮೆಟ್ಟಿಲನ್ನಷ್ಟೇ ದಾಟುತ್ತದೆ, ಮೇಲಿನದನ್ನು ಕೇಳುವ ಆ್ಯಪ್ ತೆರೆಯುವುದಿಲ್ಲ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಹಳೆ ಫೋನ್ ಈ ಪರೀಕ್ಷೆಯನ್ನು ದಾಟಬಹುದು, ಪ್ರತಿ ತಿಂಗಳು ತಿದ್ದುಪಡಿ ಪಡೆಯುವ ಗ್ರಾಫೀನ್ ದಾಟುವುದಿಲ್ಲ. ಇದು ಅನ್ಯಾಯ, ಬಾಯಿಬಿಟ್ಟು ಹೇಳಲೇಬೇಕು. ನನ್ನ ಗಿರಾಕಿಯೊಬ್ಬರ ಬ್ಯಾಂಕ್ ಆ್ಯಪ್ ತೆರೆದುಕೊಂಡಿತು, ಇನ್ನೊಬ್ಬರದು ಪರದೆಯಲ್ಲಿ ಎಚ್ಚರಿಕೆ ತೋರಿಸಿ ಮುಚ್ಚಿಕೊಂಡಿತು. ನಿಮ್ಮ ಬ್ಯಾಂಕಿನದು ಹೇಗೆ ಎಂದು ಹಾಕಿಯೇ ನೋಡಬೇಕು. ಯುಪಿಐ ನೋಂದಣಿಗೆ ಬ್ಯಾಂಕಿನಲ್ಲಿರುವ ನಂಬರಿನ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಆ ಹೊತ್ತಿಗೆ ಮಾತ್ರ ಟವರ್ ಇರುವ ಕಡೆ ಬಂದು ಕೂರಿ. ಅತಿಥಿಗಳಿಂದ ಹಣ ಪಡೆಯಲು ಹೇಗೂ ಮುದ್ರಿತ ಕ್ಯುಆರ್ ಸಾಕು. ಅದಕ್ಕೆ ಫೋನ್ ಕೈಯಲ್ಲಿರಬೇಕೆಂದೇ ಇಲ್ಲ.

ವಿರಾಜಪೇಟೆ_ಉಪನ್ಯಾಸಕ:

ರಿಪೇರಿಯವರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಕೆಲವರು ಇದನ್ನೆಲ್ಲ ಅತಿಯಾದ ಅನುಮಾನ ಎನ್ನುತ್ತಾರೆ. ಹಾಗಲ್ಲ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಾಸ್ ಲೀತ್ ಅಳೆದು ತೋರಿಸಿದರು: ಸುಮ್ಮನೆ ಮೇಜಿನ ಮೇಲಿಟ್ಟ ಫೋನ್ ಕೂಡ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಕಂಪನಿಗೆ ಮಾಹಿತಿ ಕಳಿಸುತ್ತದೆ. ಆಂಡ್ರಾಯ್ಡೂ ಅಷ್ಟೇ, ಐಫೋನೂ ಅಷ್ಟೇ. ಅದೇ ವರ್ಷ ಎಡಿನ್‌ಬರ್ಗ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಸ್ಯಾಮ್‌ಸಂಗ್, ಶಓಮಿ, ರಿಯಲ್‌ಮಿ ಮುಂತಾದವರ ಆಂಡ್ರಾಯ್ಡನ್ನು ಪರೀಕ್ಷಿಸಿದರು. ಗಣನೀಯವಾಗಿ ಏನನ್ನೂ ಕಳಿಸದೆ ಇದ್ದದ್ದು ಇ-ಓಎಸ್ ಒಂದೇ. ಲೀನಿಯೇಜ್ ಮೇಲೆ ಗೂಗಲ್ ಆ್ಯಪ್‌ಗಳ ಕಟ್ಟನ್ನು ಹಾಕಿ ನೋಡಿದಾಗ ಅದೂ ಗೂಗಲ್‌ಗೆ ಮಾಹಿತಿ ಕಳಿಸುತ್ತಿತ್ತು. ಮಂಜು, ಇದನ್ನು ಗಮನಿಸಿ. ಲೀನಿಯೇಜ್ ಹಾಕಿದ ಮರುಗಳಿಗೆಯೇ ಗೂಗಲ್ ಕಟ್ಟನ್ನು ಹಾಕಿಕೊಳ್ಳುವವರು ಬಹಳ ಜನ.

ಇ-ಓಎಸ್ ಮ್ಯಾಂಡ್ರೇಕ್ ಲಿನಕ್ಸ್ ಆರಂಭಿಸಿದ ಗಾಯೆಲ್ ಡ್ಯುವಾಲ್ ಅವರ ಯೋಜನೆ. ಗೂಗಲ್ ಸೇವೆಗಳ ಜಾಗದಲ್ಲಿ ಮೈಕ್ರೋಜಿ ಎಂಬ ಮುಕ್ತ ಬದಲಿ ಅದರಲ್ಲಿದೆ. ಬಳಸಲು ಸುಲಭ, ಬಹಳ ಮಾದರಿಗಳಿಗೆ ಸಿಗುತ್ತದೆ. ಭದ್ರತಾ ತಿದ್ದುಪಡಿ ಗ್ರಾಫೀನ್‌ನಷ್ಟು ಬೇಗ ಬರುವುದಿಲ್ಲ.

ನಮ್ಮದೇ ದೇಶದ ಭಾರ್‌ಓಎಸ್ ಬಗ್ಗೆ ನನ್ನ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. 2023ರ ಜನವರಿಯಲ್ಲಿ ಐಐಟಿ ಮದ್ರಾಸ್ ಆಶ್ರಯದ ಕಂಪನಿ ಪ್ರಕಟಿಸಿದ್ದು, ಆಂಡ್ರಾಯ್ಡಿನ ಮುಕ್ತ ಮೂಲದ ಮೇಲೆ ಕಟ್ಟಿದ್ದು. ಗೋಪ್ಯತೆ ಬಿಗಿಯಾಗಿರಬೇಕಾದ ಸಂಸ್ಥೆಗಳನ್ನು ಗುರಿಯಾಗಿಟ್ಟು ಬಂದದ್ದು ಅದು. ಅಕ್ಕನಂಥವರು ಇಳಿಸಿಕೊಂಡು ಹಾಕಿಕೊಳ್ಳುವ ವಸ್ತು ಅಲ್ಲ.

ಫೋನ್ ಯಾರ ಮಾತು ಕೇಳಬೇಕು ಎಂಬುದು ಕಂಪನಿಗಳಿಗಷ್ಟೇ ಸೇರಿದ ಪ್ರಶ್ನೆಯೂ ಅಲ್ಲ. 2025ರ ನವೆಂಬರ್ ಕೊನೆಗೆ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿರಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು. ಜನ ದನಿ ಎತ್ತಿದರು, ಡಿಸೆಂಬರ್ 3ಕ್ಕೆ ಆದೇಶ ವಾಪಸ್ ಆಯಿತು. ಆ್ಯಪ್ ಉಪಯುಕ್ತವೇ, ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಅದು ನೆರವಾಗುತ್ತದೆ. ಆದರೆ ನನ್ನ ಫೋನಿನಲ್ಲಿ ಏನಿರಬೇಕು ಎಂದು ತೀರ್ಮಾನಿಸುವವನು ನಾನಾಗಿರಬೇಕು.

ಕನ್ನಡ ಕೀಬೋರ್ಡಿಗೆ ಇಂಡಿಕ್ ಕೀಬೋರ್ಡ್ ಅಥವಾ ಹೆಲಿಬೋರ್ಡ್ ನೋಡಿ. ಹೆಲಿಬೋರ್ಡ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಕನ್ನಡ ಅಕ್ಷರ ಮೂಡುವುದಕ್ಕೆ ಬೇರೇನೂ ಬೇಡ, ನೋಟೋ ಫಾಂಟ್ ಆಂಡ್ರಾಯ್ಡಿನಲ್ಲೇ ಇದೆ. ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್. ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡರೆ ಮಾಕುಟ್ಟದ ಕಾಡಿನ ದಾರಿಯಲ್ಲಿ ನೆಟ್ ಹೋದರೂ ದಾರಿ ತೋರಿಸುತ್ತದೆ. ದಟ್ಟ ಮರದ ಕೆಳಗೆ ಜಿಪಿಎಸ್ ಮೊದಲ ಸಲ ಜಾಗ ಹಿಡಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಬಯಲಿಗೆ ಬಂದು ನಿಂತರೆ ಬೇಗ.

ತೋಟದಮನೆ_ಸಿದ್ದಾಪುರ:

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕ್ಯುಆರ್ ಮುದ್ರಿಸಿ ಇಡುವುದು ಈ ವಾರವೇ ಮಾಡುತ್ತೇನೆ.

ರಿಪೇರಿಯಣ್ಣ, ಎರಡು ಪ್ರಶ್ನೆ. ಫೋನ್ ಕೊಂಡು ಓಎಸ್ ಹಾಕಿ ಆದ ಮೇಲೆ ವೈಫೈ ಕಾಲಿಂಗ್ ಬರುವುದಿಲ್ಲ ಎಂದಾದರೆ ದುಡ್ಡು ನೀರಿಗೆ ಹೋದ ಹಾಗೆ, ಮೊದಲೇ ತಿಳಿಯುವುದು ಹೇಗೆ? ಮತ್ತೆ ಹಾಕುವ ಕೆಲಸ ನಾನೇ ಮಗಳ ಲ್ಯಾಪ್‌ಟಾಪಿನಲ್ಲಿ ಮಾಡಬಹುದೇ? ನನ್ನ ಫೋನನ್ನು ನಾನೇ ತಯಾರು ಮಾಡಬೇಕೆಂಬ ಆಸೆ. ಲಿನಕ್ಸ್ ಫೋನ್ ಎಂದು ಮಗಳು ಹೇಳುತ್ತಿದ್ದಳು, ಅದರ ಬಗ್ಗೆಯೂ ಒಂದು ಮಾತು ಹೇಳಿ.

ಗೋಣಿಕೊಪ್ಪ_ರಿಪೇರಿ:

ಅಕ್ಕ, ಲಿನಕ್ಸ್ ಫೋನಿನ ಮಾತು ಮೊದಲು ಮುಗಿಸುತ್ತೇನೆ. ಆಂಡ್ರಾಯ್ಡ್ ಬದಲು ಕಂಪ್ಯೂಟರಿನಲ್ಲಿರುವಂಥ ಲಿನಕ್ಸ್ ಓಡಿಸುವ ಫೋನುಗಳು ಇವು. ಉಬುಂಟು ಟಚ್ ಅನ್ನು ಅದರ ಕಂಪನಿ ಕೆನಾನಿಕಲ್ 2017ರಲ್ಲಿ ಕೈಬಿಟ್ಟಾಗ ಯುಬಿಪೋರ್ಟ್ಸ್‌ನ ಸ್ವಯಂಸೇವಕರು ಎತ್ತಿಕೊಂಡರು. ಪೋಸ್ಟ್‌ಮಾರ್ಕೆಟ್ ಓಎಸ್‌ನವರ ಗುರಿ ಒಂದು ಫೋನ್ 10 ವರ್ಷ ಬಾಳಬೇಕು ಎಂಬುದು. ಫಿನ್‌ಲೆಂಡಿನ ಯೊಲ್ಲಾ ಕಂಪನಿಯ ಸೇಲ್‌ಫಿಶ್ ಇದೆ. ಇವರ ಮೇಲೆ ನನಗೆ ಬಹಳ ಗೌರವ. ಕಂಪನಿ ಸತ್ತಿತೆಂದು ಬಿಟ್ಟ ಫೋನಿಗೆ ಜೀವ ಕೊಡುವುದು ನಮ್ಮ ಕಸುಬಿನವರಿಗೆ ಹಬ್ಬ. ಆದರೆ ವೋಲ್ಟಿ ಇವುಗಳಲ್ಲಿ ಕೆಲವೇ ಮಾದರಿಗಳಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಮಗಳು ಎರಡನೆಯ ಫೋನಿನಲ್ಲಿ ಕಲಿಯಲಿ. ನಿಮ್ಮ ದಿನದ ಫೋನಿಗೆ ಈಗ ಬೇಡ.

ಕರೆಯ ಪರೀಕ್ಷೆ ಓಎಸ್ ಬದಲಿಸುವ ಮೊದಲೇ ಮಾಡಬೇಕು. ಭಾರತದಲ್ಲಿ ಅಧಿಕೃತವಾಗಿ ಮಾರಿದ ಪಿಕ್ಸೆಲ್ ಮಾದರಿಯನ್ನೇ ಆರಿಸಿ. ಅದನ್ನು ನಿಮ್ಮ ಮನೆಗೆ ತಂದು ನಿಮ್ಮದೇ ಸಿಮ್ ಹಾಕಿ, ಟವರ್ ಬಾರದ ಕೋಣೆಯಲ್ಲಿ ಕೂತು ಯಾರಿಗಾದರೂ ಕರೆ ಮಾಡಿ. ಮೂಲ ಓಎಸ್‌ನಲ್ಲಿ ವೈಫೈ ಕಾಲಿಂಗ್ ಬಂದರೆ ಗ್ರಾಫೀನ್‌ನಲ್ಲೂ ಬರುವುದನ್ನು ಜಿಯೋ, ಏರ್‌ಟೆಲ್ ಸಿಮ್ ಇರುವ ಗಿರಾಕಿಗಳ ಫೋನಿನಲ್ಲಿ ನೋಡಿದ್ದೇನೆ. ಬಿಎಸ್‌ಎನ್‌ಎಲ್ ಸಿಮ್ ಇದ್ದರೆ ಈ ಪರೀಕ್ಷೆ ತಪ್ಪಿಸಲೇಬೇಡಿ.

ದುಡ್ಡು ಕೊಡುವ ಮೊದಲು ಇನ್ನೊಂದು. ಸೆಟ್ಟಿಂಗ್ಸ್, ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಬೂಟ್‌ಲೋಡರ್ ಅನ್‌ಲಾಕ್ ಮಾಡಲು ಒಪ್ಪಿಗೆ ಕೊಡುವ ಓಇಎಂ ಅನ್‌ಲಾಕಿಂಗ್ ಎಂಬ ಗುಂಡಿ ಇದೆ. ಫೋನನ್ನು ನೆಟ್‌ಗೆ ಜೋಡಿಸಿ, ಸ್ವಲ್ಪ ಕಾದು ಅದನ್ನು ಒತ್ತಿ ನೋಡಿ. ನೆಟ್ ಇದ್ದೂ ಅದು ಮಸುಕಾಗಿ, ಒತ್ತಲು ಬಾರದೆ ಇದ್ದರೆ ಹೊರದೇಶದ ಮೊಬೈಲ್ ಕಂಪನಿ ಬೀಗ ಹಾಕಿ ಮಾರಿದ ಫೋನ್ ಇರಬಹುದು. ಅಂಥದ್ದಕ್ಕೆ ಗ್ರಾಫೀನ್ ಹಾಕಲು ಬರುವುದಿಲ್ಲ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ನೀವೇ ಹಾಕಬಹುದು, ನಿಜಕ್ಕೂ ಕಷ್ಟವಿಲ್ಲ. ಲ್ಯಾಪ್‌ಟಾಪಿನಲ್ಲಿ ಕ್ರೋಮ್, ಎಡ್ಜ್ ಅಥವಾ ಬ್ರೇವ್ ತೆರೆದು ಗ್ರಾಫೀನ್ ತಾಣದ ವೆಬ್ ಇನ್‌ಸ್ಟಾಲರ್ ಪುಟಕ್ಕೆ ಹೋಗಿ. ಗಟ್ಟಿ ಯುಎಸ್‌ಬಿ ಕೇಬಲ್ ಬೇಕು, ಹಬ್ ನಡುವೆ ಬೇಡ. ಫೋನ್ ಆಫ್ ಮಾಡಿ, ಪವರ್ ಜೊತೆ ವಾಲ್ಯೂಮ್ ಕೆಳಗಿನ ಗುಂಡಿ ಹಿಡಿದರೆ ಫಾಸ್ಟ್‌ಬೂಟ್ ಪರದೆ ಬರುತ್ತದೆ. ಪುಟದಲ್ಲಿರುವ ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತುತ್ತಾ ಹೋಗುವುದು: ಅನ್‌ಲಾಕ್, ಡೌನ್‌ಲೋಡ್, ಫ್ಲ್ಯಾಶ್ (ಹೊಸ ಓಎಸನ್ನು ಫೋನಿಗೆ ಬರೆಯುವುದು), ಕೊನೆಗೆ ಲಾಕ್. ಅನ್‌ಲಾಕ್ ಮಾಡಿದಾಗ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಲಾಕ್ ಮಾಡಿದಾಗ ಇನ್ನೊಮ್ಮೆ. ಹಾಗಾಗಿ ಎಲ್ಲ ಮುಗಿಯುವ ತನಕ ಏನನ್ನೂ ತುಂಬಿಸಬೇಡಿ. ಆ ಕೊನೆಯ ಲಾಕ್ ಬಹಳ ಮುಖ್ಯ. ಅದಾದ ಮೇಲೆ ಪ್ರತಿ ಸಲ ಆನ್ ಮಾಡಿದಾಗ ಬೇರೆ ಓಎಸ್ ಇದೆ ಎಂಬ ಹಳದಿ ಗುರುತಿನ ಪರದೆ ಬರುತ್ತದೆ. ಹೆದರಬೇಡಿ, ಅದು ಬರಲೇಬೇಕು. ಅದರಲ್ಲಿ ಕಾಣುವ ಅಕ್ಷರ-ಅಂಕಿಗಳ ಸಾಲನ್ನು ತಾಣದಲ್ಲಿ ನಿಮ್ಮ ಮಾದರಿಯ ಮುಂದೆ ಕೊಟ್ಟಿರುವುದರೊಡನೆ ತಾಳೆ ನೋಡಿ. ಒಂದೇ ಆಗಿದ್ದರೆ ಒಳಗಿರುವುದು ಅಸಲಿ ಗ್ರಾಫೀನ್. ಆಮೇಲೆ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಓಇಎಂ ಅನ್‌ಲಾಕಿಂಗ್ ಬಂದ್ ಮಾಡಿ.

ಮಳೆಗಾಲದಲ್ಲಿ ಮಾಡುವುದಾದರೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಡೌನ್‌ಲೋಡ್ ಮುಗಿದ ಮೇಲೇ ಫ್ಲ್ಯಾಶ್‌ಗೆ ಕೈ ಹಾಕಿ. ಫ್ಲ್ಯಾಶ್ ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಬಾರದು.

ಆನೆ ಗ್ರೂಪಿಗೆ ಸಂಬಂಧಿಸಿ ಒಂದು ಸೂಕ್ಷ್ಮ ಇದೆ. 18 ಗಂಟೆ ಅನ್‌ಲಾಕ್ ಮಾಡದೆ ಬಿಟ್ಟರೆ ಗ್ರಾಫೀನ್ ತಾನಾಗಿ ರೀಬೂಟ್ ಆಗುತ್ತದೆ. ಕದ್ದವರ ಕೈಯಲ್ಲಿ ಫೋನ್ ಬಿಗಿಯಾಗಿರಲಿ ಎಂದು ಮಾಡಿದ್ದು. ಹಾಗೆ ಆದ ಮೇಲೆ ನೀವು ಪಿನ್ ಹಾಕುವ ತನಕ ವಾಟ್ಸ್‌ಆ್ಯಪ್ ಸಂದೇಶ ಬರುವುದಿಲ್ಲ. ಜ್ವರ ಬಂದು ಮಲಗಿದ ದಿನವೂ ರಾತ್ರಿ ಒಮ್ಮೆ ಪಿನ್ ಹಾಕಿ ತೆಗೆದು ಇಡಿ. ಹೊಸ ಫೋನ್ ಬಂದ ಮೊದಲ ಕೆಲವು ವಾರ ಹಳೆಯದನ್ನು ಲಿಂಕ್ಡ್ ಡಿವೈಸ್ ಆಗಿ ಪಕ್ಕದಲ್ಲಿಟ್ಟುಕೊಂಡು ಸಂದೇಶ ಎರಡರಲ್ಲೂ ಒಟ್ಟಿಗೇ ಬರುತ್ತಿದೆಯೇ ನೋಡಿ. ಅದು ಖಚಿತವಾಗುವ ತನಕ ಮೇಸ್ತ್ರಿಗೂ ಗ್ರೂಪ್ ನೋಡಲು ಹೇಳಿ.

ಅತಿಥಿಗಳಿಗೆ ಮಾಸ್ಕ್ ಮಾಡಿದ ಆಧಾರ್ ಕಳಿಸಲು ಹೇಳಿ. ಯುಐಡಿಎಐ ತಾಣದಲ್ಲೇ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಕ್ಲೌಡಿಗೆ ಈಗಾಗಲೇ ಹೋಗಿರುವುದನ್ನು ಯಾವ ಓಎಸ್ ಕೂಡ ವಾಪಸ್ ತರುವುದಿಲ್ಲ. ಮಗಳು ಊರಿನಲ್ಲಿರುವಾಗಲೇ ಅವನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ.

ಮಡಿಕೇರಿ_ಮಂಜು:

ರಿಪೇರಿಯಣ್ಣ, ಬೂಟ್‌ಲೋಡರ್ ವಿಷಯ ನನಗೆ ಇಷ್ಟು ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ಬ್ಯಾಂಕ್ ಇಲ್ಲ, ಪಾಠದ ನೋಟ್ಸ್ ಮತ್ತು ಹಾಡು ಅಷ್ಟೇ, ಲೀನಿಯೇಜ್ ಮುಂದುವರಿಸುತ್ತೇನೆ. ಗೂಗಲ್ ಕಟ್ಟನ್ನು ಹಾಕಿಕೊಂಡಿಲ್ಲ. ಅಕ್ಕ, ಹಾಕುವ ದಿನ ಸಹಾಯ ಬೇಕಾದರೆ ಹೇಳಿ, ಬರುತ್ತೇನೆ.

ತೋಟದಮನೆ_ಸಿದ್ದಾಪುರ:

ಮೈಸೂರಿಗೆ ಹೋಗಿದ್ದೆ. ಮೊದಲ ಅಂಗಡಿಯಲ್ಲಿ ತೋರಿಸಿದ ಪಿಕ್ಸೆಲ್ 8ರಲ್ಲಿ ನೆಟ್ ಜೋಡಿಸಿದರೂ ಓಇಎಂ ಅನ್‌ಲಾಕಿಂಗ್ ಒತ್ತಲು ಬರಲಿಲ್ಲ. ಕೇಳಿದ್ದಕ್ಕೆ ಅಮೆರಿಕದಿಂದ ಬಂದದ್ದು ಎಂದರು. ಬಿಟ್ಟುಬಂದೆ. ಇನ್ನೊಂದು ಕಡೆ 8ಎ ಸಿಕ್ಕಿತು, ಇಲ್ಲಿನದೇ ಬಿಲ್ ಇದೆ, ಗುಂಡಿ ಒತ್ತಲು ಬಂತು. ವಾರದೊಳಗೆ ವಾಪಸ್ ತೆಗೆದುಕೊಳ್ಳುತ್ತೇವೆಂದು ಬರೆದುಕೊಟ್ಟಿದ್ದಾರೆ. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಕೂತು ಅದರಿಂದ ತಂಗಿಗೆ ಕರೆ ಮಾಡಿದೆ, ವೈಫೈ ಕಾಲಿಂಗ್ ಬರುತ್ತಿದೆ. ಕ್ಲೌಡಿನಲ್ಲಿದ್ದ ಆಧಾರ್ ಚಿತ್ರಗಳನ್ನು ಮಗಳು ಅಳಿಸುತ್ತಿದ್ದಾಳೆ. ಮಂಜು, ಭಾನುವಾರ ಬಿಡುವಿದ್ದರೆ ಊಟಕ್ಕೇ ಬಾ. ಗೇಟಿನ ಹತ್ತಿರ ಬಂದಾಗ ಹಾರ್ನ್ ಹೊಡೆದು ಅಲ್ಲೇ ಇರು, ಒಂಟಿ ಸಲಗ ಎರಡು ದಿನದಿಂದ ಪಕ್ಕದ ತೋಟದಲ್ಲಿದೆ.